ಪೆಟ್ಟಿಗೆ ನಮ್ಮದು, ಬೀಗದ ಕೈ ಯಾರದು?

ದುಡ್ಡು ಕೊಟ್ಟು ತಂದದ್ದು ನಮ್ಮದು ಅಂತ ನಂಬ್ಕೊಂಡು ಬಂದವರು ನಾವು. ನಮ್ಮ ಅಪ್ಪ ಅವ್ವಂದಿರು ಕೂಲಿ ಮಾಡಿ ಕೊಂಡ ಕುಡುಗೋಲು ಗೌಡರ ಗದ್ದೆ ಕೊಯ್ದರೂ ಸಂಜೆಗೆ ನಮ್ಮ ಸೂರಿಗೇ ಬಂದು ಸಿಕ್ಕಿಕೊಳ್ತಿತ್ತು. ರಾತ್ರೋರಾತ್ರಿ ಬಂದು ಅದರ ಹಲ್ಲು ಉಜ್ಜಿ ಹೋಗೋ ಧೈರ್ಯ ಆ ಗೌಡರಿಗೂ ಇರಲಿಲ್ಲ.

ಕಂಪನಿಗಳಿಗೆ ಆ ಧೈರ್ಯ ಇದೆ. ಜಪಾನಿನ ಸೋನಿ 2006ರಲ್ಲಿ ಪ್ಲೇಸ್ಟೇಷನ್ 3 ಎಂಬ ಆಟದ ಪೆಟ್ಟಿಗೆ ತಂದಿತು. ಆಟ ಆಡಬಹುದು, ಬೇಕಾದರೆ ಲಿನಕ್ಸ್ ಹಾಕಿ ಕಂಪ್ಯೂಟರಿನಂತೆ ದುಡಿಸಿಕೊಳ್ಳಬಹುದು. ಅಮೆರಿಕದ ವಾಯುಪಡೆಯೇ 1,700ಕ್ಕೂ ಹೆಚ್ಚು ಪೆಟ್ಟಿಗೆ ಜೋಡಿಸಿ ಮಹಾಗಣಕ ಕಟ್ಟಿತು. 2010ರ ಏಪ್ರಿಲ್ 1ರಂದು ಸೋನಿ ಹೊಸ ತಂತ್ರಾಂಶ ಬಿಟ್ಟಿತು. ಹಾಕಿಕೊಂಡರೆ ಲಿನಕ್ಸ್ ಹೋಯಿತು. ಹಾಕಿಕೊಳ್ಳದಿದ್ದರೆ ಜಾಲದ ಆಟ ಹೋಯಿತು. ನಿನ್ನಿಷ್ಟ ಅಂದರು. ಎರಡು ಕೈಯಲ್ಲಿ ಯಾವುದನ್ನು ಕಡ್ಕೋತೀಯೋ ನೀನೇ ಹೇಳು ಅನ್ನೋದು ಇಷ್ಟವೆ? ಕೊಂಡವರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಎಳೆದು ಪುಡಿ ಪರಿಹಾರದ ರಾಜಿಯಲ್ಲಿ ಮುಗಿಯಿತು.

ಕಂಪನಿ ಹೇಳಿದ ಕಾರಣ ಭದ್ರತೆ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾರೆವು. ಜಾಲದ ಆಟದಲ್ಲಿ ಒಬ್ಬನ ಮೋಸ ಹತ್ತು ಮಂದಿಯ ಆಟ ಕೆಡಿಸುತ್ತೆ. ಹಾಗಾದರೆ ಕಂಪನಿ ತನ್ನ ಅಂಗಳದ ಬಾಗಿಲು ಕಾಯಲಿ. ನಮ್ಮ ಮನೆಯೊಳಗಿನ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲೇಕೆ?

‘ಗಂಜಿಗೆ ಗತಿಯಿಲ್ಲದ ಕೇರಿಯವರಿಗೆ ಸಾಹುಕಾರರ ಮಕ್ಕಳ ಆಟಿಕೆ ಉಸಾಬರಿ ಯಾಕ್ರಯ್ಯ’ ಅಂತ ಗೆಳೆಯರೊಬ್ಬರು ಕೇಳಿದರು. ನಾವೂ ಹಾಗೇ ಅಂದ್ಕೊಂಡಿದ್ವಿ. ಆಮೇಲೆ ನಮ್ಮ ಕೇರಿಯಲ್ಲಿ ಬಣ್ಣ ಬಳಿಯೋ ಹುಡುಗನ ಫೋನು ಕಂಡೆವು. ಸಾಲದ ಮೇಲೆ ಕೊಂಡದ್ದು. ಒಂದು ಕಂತು ತಪ್ಪಿತು, ಎಲ್ಲೋ ಕೂತವರು ಅದಕ್ಕೆ ಬೀಗ ಜಡಿದರು. ಕಂತು ಕಟ್ಟಲು ಕೂಲಿ ಬೇಕು. ಕೂಲಿಗೆ ಕರೆಯೋ ಮೇಸ್ತ್ರಿ ಫೋನು ಮಾಡೋದು ಅದಕ್ಕೇ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರ ತಂತ್ರಾಂಶ ಕಟ್ಟಿದ್ದು ಫ್ರೀಬಿಎಸ್‌ಡಿಯಿಂದ. ಅದು ಎಷ್ಟೋ ಜನ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಬೀಗ ಹಾಕಬೇಡ ಅಂತ ಅದರ ಲೈಸೆನ್ಸು ಹೇಳುವುದಿಲ್ಲ. ಮೂಲದ ಬಾವಿ ಈಗಲೂ ತೆರೆದೇ ಇದೆ, ನಿಜ. ಅಲ್ಲಿ ಸೇದಿದ ನೀರಿಗೆ ಬೀಗ ಹಾಕಿ ಮಾರಿದರು. ಕಾನೂನಿನ ಪ್ರಕಾರ ತಪ್ಪಿಲ್ಲ. ಬಾವಿಯ ವಿಚಾರದಲ್ಲಿ ಕಾನೂನು ಬೇರೆ, ನ್ಯಾಯ ಬೇರೆ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ರಿಚರ್ಡ್ ಸ್ಟಾಲ್‌ಮನ್ನರ ಬಳಗ 2007ರಲ್ಲಿ ಜಿಪಿಎಲ್ ಲೈಸೆನ್ಸಿನ ಮೂರನೆಯ ಆವೃತ್ತಿ ತಂದಾಗ ಒಂದು ಷರತ್ತು ಹಾಕಿತು: ಇಂಥ ತಂತ್ರಾಂಶ ಹಾಕಿ ಮನೆಬಳಕೆಯ ಯಂತ್ರ ಮಾರುವವನು, ಕೊಂಡವರು ಅದನ್ನು ತಿದ್ದಿ ಮತ್ತೆ ಹಾಕಿಕೊಳ್ಳಲು ಬೇಕಾದ ಕೀಲಿಯನ್ನೂ ಕೊಡಬೇಕು. ನಮ್ಮ ಮತ ಅದಕ್ಕೆ. ಲಿನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಲಿನಕ್ಸ್ ತಿರುಳು 1991ರ ಎರಡನೆಯ ಆವೃತ್ತಿಯಲ್ಲೇ ಉಳಿಯಿತು. ಆಂಡ್ರಾಯ್ಡ್ ಫೋನುಗಳು ಓಡುವುದು ಆ ತಿರುಳಿನ ಮೇಲೆ. ಬಣ್ಣ ಬಳಿಯೋ ಹುಡುಗನ ಫೋನೂ ಅಂಥದೇ. ತಿರುಳಿನ ಮೂಲ ಬರಹ ಕೇಳಿದರೆ ಕೊಡಬೇಕು, ಕೀಲಿ ಕೊಡಬೇಕಾಗಿಲ್ಲ. ಹುಡುಗ ಮೂರನೇ ದಿನ ಬಡ್ಡಿಗೆ ಕೈಸಾಲ ತಂದು ಕಂತು ಕಟ್ಟಿದ.