ಒದೆಯುವ ಮೊದಲು ಎಣ್ಣೆ

ತಪಸ್ಸುಕಾಲದ ಮೂರನೇ ಭಾನುವಾರ
ಶುಭಸಂದೇಶ: ಲೂಕ 13:1-9



ಇಂದಿನ ಶುಭಸಂದೇಶದಲ್ಲಿ ಪ್ರಭು ಅಂಜೂರದ ಮರದ ಸಾಮತಿಯನ್ನು ಹೇಳುತ್ತಾರೆ. ಮೂರು ವರ್ಷ ಕಾದರೂ ಒಂದು ಹಣ್ಣೂ ಇಲ್ಲ. ಒಡೆಯ ಅದನ್ನು ಕಡಿಯಲು ಹೇಳುತ್ತಾನೆ. ತೋಟಗಾರ ಇನ್ನೊಂದು ವರ್ಷದ ಅವಕಾಶ ಬೇಡುತ್ತಾನೆ. ಸುಮ್ಮನೆ ಕಾಯಲು ಅಲ್ಲ, ಬುಡ ಅಗೆದು ಗೊಬ್ಬರ ಹಾಕಲು.

ಬಿಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕಡಿಮೆಯಿರುವ ಜತ್ತ ತಾಲೂಕಿನಲ್ಲಿ ಫಲ ಕೊಡದ ಗಿಡಕ್ಕೆ ಇನ್ನೊಂದು ವರ್ಷ ನೀರು ಹಾಯಿಸುವುದು ಎಷ್ಟು ಭಾರ ಎಂದು ರೈತನಿಗೆ ಗೊತ್ತು. ಆ ತೋಟಗಾರನಂಥವರು ಗ್ಯಾರೇಜಿನಲ್ಲೂ ಇದ್ದಾರೆ. ಅವರ ಕೆಲಸವನ್ನು ಇಂದು ಸ್ವಲ್ಪ ನೋಡೋಣ.

ಜಾವಾ, ಯೆಜ್ಡಿ ಗಾಡಿಗಳು ನಮ್ಮ ಹಿರಿಯರಿಗೆ ನೆನಪಿರುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಆದರೂ ಆ ಗಾಡಿಗಳನ್ನು ಕೊಟ್ಟಿಗೆಯಿಂದ ಹೊರತೆಗೆದು ಮತ್ತೆ ಓಡಿಸುವವರು ಇಂದಿಗೂ ಇದ್ದಾರೆ. ಎಷ್ಟೋ ಗಾಡಿಗಳು ಅವರ ಕೈಗೆ ಬರುವಾಗ ಎಂಜಿನ್ ಜಾಮ್ ಆಗಿರುತ್ತದೆ. ಕಿಕ್ ತುಳಿದರೆ ಅಲುಗಾಡುವುದಿಲ್ಲ.

ಎಂಜಿನ್ ಹಿಡಿದುಕೊಳ್ಳಲು ಮುಖ್ಯವಾಗಿ ಎರಡು ಕಾರಣ. ಈ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿ. ಎಣ್ಣೆ ಇಲ್ಲದೆ ಓಡಿಸಿದರೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು, ವರ್ಷಗಟ್ಟಲೆ ನಿಲ್ಲಿಸಿಟ್ಟರೆ ಒಳಗೆ ತೇವ ಸೇರಿ ತುಕ್ಕು ಹಿಡಿಯುತ್ತದೆ. ನಮ್ಮ ಹೃದಯಗಳೂ ಹೀಗೆಯೇ. ಕೆಲವು ಸಿಟ್ಟಿನ ಕಾವಿನಲ್ಲಿ ಒಂದೇ ದಿನಕ್ಕೆ ಹಿಡಿದುಕೊಳ್ಳುತ್ತವೆ. ಕೆಲವು ಪ್ರಾರ್ಥನೆ, ಬಲಿಪೂಜೆ, ಪಾಪನಿವೇದನೆ ಎಲ್ಲ ಬಿಟ್ಟು, ಸದ್ದಿಲ್ಲದೆ ತುಕ್ಕು ಹಿಡಿಯುತ್ತವೆ.

ಅರಿಯದವನು ಜಾಮ್ ಆದ ಗಾಡಿಯ ಕಿಕ್ ಮೇಲೆ ಹತ್ತಿ ನಿಂತು ಒದೆಯುತ್ತಾನೆ. ಆಗ ಒಳಗಿನ ರಿಂಗು ಮುರಿಯಬಹುದು, ಉಳಿಯಬಹುದಾಗಿದ್ದ ಭಾಗವೂ ಹಾಳಾಗಬಹುದು. ಬಲ್ಲವನು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಬೆರೆಸಿದ ಎಣ್ಣೆ ಸುರಿದು ಬಿಡುತ್ತಾನೆ. ಇಳಿದುಹೋದಂತೆ ಮತ್ತೆ ಸುರಿಯುತ್ತಾನೆ. ಕೆಲವು ದಿನಗಳ ಮೇಲೆ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಾಡಿಸುತ್ತಾನೆ. ಕೂದಲೆಳೆಯಷ್ಟು ಸರಿದರೂ ಅವನಿಗೆ ಹಬ್ಬ.

ಪ್ರಿಯರೇ, ನಮ್ಮ ಮನೆಗಳಲ್ಲಿ ನಾವು ಯಾರನ್ನು ಒದೆಯುತ್ತಿದ್ದೇವೆ? ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ ಮಗನಿಗೆ ಊಟದ ತಟ್ಟೆಯ ಮುಂದೆಯೇ ಬೈಗುಳ. ಬದುವಿಗಾಗಿ, ಬಾವಿಯ ಪಾಲಿಗಾಗಿ ಮಾತು ಬಿಟ್ಟ ತಮ್ಮನಿಗೆ ಊರ ಮುಂದೆ ಚುಚ್ಚುಮಾತು. ನಾವು ಹೇಳುವುದು ಸತ್ಯವೇ ಇರಬಹುದು. ಆದರೆ ಎಣ್ಣೆ ಇಲ್ಲದ ಸತ್ಯ ಮುರಿಯುತ್ತದೆ, ಬಿಡಿಸುವುದಿಲ್ಲ. ದೇವರು ನಮ್ಮೊಡನೆ ಹಾಗೆ ನಡೆದುಕೊಂಡಿಲ್ಲ. ಜ್ಞಾನಸ್ನಾನದಲ್ಲಿ, ದೃಢೀಕರಣದಲ್ಲಿ, ಕಾಯಿಲೆಯ ಹಾಸಿಗೆಯಲ್ಲಿ ಧರ್ಮಸಭೆ ನಮಗೆ ಹಚ್ಚುವುದು ಎಣ್ಣೆಯನ್ನೇ.

ಪಿಸ್ಟನ್ ಸಡಿಲವಾದರೆ ಕೆಲಸ ಮುಗಿಯಲಿಲ್ಲ. ಎಂಜಿನ್ ಬಿಚ್ಚಬೇಕು. ಗೀರುಬಿದ್ದ ಸಿಲಿಂಡರನ್ನು ಕೊರೆದು ನಯಗೊಳಿಸಿ, ತುಸು ದೊಡ್ಡ ಪಿಸ್ಟನ್ ಕೂಡಿಸಬೇಕು. ಸಿಲಿಂಡರ್ ಹಳೆಯ ಅಳತೆಗೆ ಮರಳುವುದಿಲ್ಲ, ಆದರೂ ಗಾಡಿ ಓಡುತ್ತದೆ. ಪಾಪನಿವೇದನೆಯೂ ಇಂಥ ಬಿಚ್ಚುವ ಕೆಲಸ. ಕ್ಷಮೆ ಎಂದರೆ ಏನೂ ನಡೆದೇ ಇಲ್ಲವೆಂದು ನಟಿಸುವುದಲ್ಲ. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲೂ ಗಾಯದ ಗುರುತು ಉಳಿದಿತ್ತು. ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸುವಂತೆ, ರಾಜಿಯಾದ ಸಂಬಂಧಕ್ಕೂ ಮೊದಲ ದಿನಗಳಲ್ಲಿ ಹೆಚ್ಚು ಭಾರ ಹೊರಿಸಬೇಡಿ.

ಆದರೆ ಸಾಮತಿಯ ಇನ್ನೊಂದು ಮಾತನ್ನು ಮರೆಯಬಾರದು. ತೋಟಗಾರ ಕೇಳಿದ್ದು ಒಂದು ವರ್ಷ, ಹತ್ತು ವರ್ಷ ಅಲ್ಲ. ಇಂದಿನ ಶುಭಸಂದೇಶದ ಮೊದಲ ಭಾಗದಲ್ಲಿ ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯನ್ನು ಪ್ರಭು ನೆನಪಿಸುತ್ತಾರೆ. ಅವರಿಗೂ ನಾಳೆ ಮಾಡೋಣವೆಂಬ ಕೆಲಸಗಳಿದ್ದಿರಬೇಕು. ತುಕ್ಕು ಭಾನುವಾರವೂ ರಜೆ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಈ ವಾರ ಒಂದು ಹೆಸರನ್ನು ಮನಸ್ಸಿನಲ್ಲಿಡಿ. ಅವರ ಮನೆಗೆ ಹೋಗಿ. ಕನ್ನಡವೋ ಮರಾಠಿಯೋ, ಅವರ ಮನೆಮಾತಿನಲ್ಲೇ ಕ್ಷೇಮ ವಿಚಾರಿಸಿ. ಹಳೆಯ ಜಗಳ ಎತ್ತಬೇಡಿ, ಚಹಾ ಕುಡಿದು ಬನ್ನಿ. ಅಲುಗಾಡದಿದ್ದರೆ ಮುಂದಿನ ವಾರ ಮತ್ತೆ ಹೋಗಿ. ಹಿಡಿದುಕೊಂಡಿರುವುದು ನಿಮ್ಮದೇ ಹೃದಯವಾಗಿದ್ದರೆ, ಪಾಸ್ಖ ಹಬ್ಬಕ್ಕೆ ಮೊದಲು ಪಾಪನಿವೇದನೆಗೆ ಬನ್ನಿ.

ಪ್ರಭುವೇ, ನಮ್ಮನ್ನು ಕಡಿದುಹಾಕದೆ ಇನ್ನೊಂದು ವರ್ಷ ಕೊಟ್ಟಿರುವಿರಿ. ನಮ್ಮ ಹೃದಯಗಳನ್ನು ನಿಮ್ಮ ಕರುಣೆಯ ಎಣ್ಣೆಯಿಂದ ತೋಯಿಸಿರಿ. ನಾವು ಇತರರಿಗೂ ಆ ಕರುಣೆಯನ್ನೇ ಒಯ್ಯುವಂತೆ ಮಾಡಿರಿ. ಆಮೆನ್.