ತಲಾ ಉತ್ಪನ್ನವೂ ತಲೆಯ ಬೆಲೆಯೂ

ಈ ಸಲ ಯುಗಾದಿ ಊಟಕ್ಕೆ ಇಸ್ಸಾಕ್ವಾದ ನಮ್ಮ ಮನೆಯಲ್ಲಿ ನಾಲ್ಕು ಸಂಸಾರದವರು ಸೇರಿದ್ದೆವು. ಹೋಳಿಗೆ ಮುಗಿಯುವ ಹೊತ್ತಿಗೆ ಮಾತು ಎಂದಿನಂತೆ ದೇಶದ ಕಡೆ ತಿರುಗಿತು. ಒಬ್ಬರು, "ಒಟ್ಟು ಉತ್ಪನ್ನದಲ್ಲಿ ನಾವು 2022ರಲ್ಲೇ ಬ್ರಿಟನ್ನನ್ನು ಹಿಂದೆ ಹಾಕಿದೆವು" ಎಂದರು. ಇನ್ನೊಬ್ಬರು, "ತಲೆ ಎಣಿಸಿ ಭಾಗಿಸಿ ನೋಡಿ ಸ್ವಾಮಿ" ಎಂದು ಫೋನ್ ತೆಗೆದು ಓದಿದರು: 2023ರಲ್ಲಿ ಅಮೆರಿಕದ ತಲಾ ಉತ್ಪನ್ನ ಸುಮಾರು 82,000 ಡಾಲರ್, ಭಾರತದ್ದು ಸುಮಾರು 2,500. ಮೂವತ್ತು ಪಟ್ಟಿಗೂ ಮೇಲೆ! ಮಜ್ಜಿಗೆ ಬಡಿಸುತ್ತಿದ್ದ ನನ್ನ ಮಗಳು ಕೇಳಿದಳು: "ಹಾಗಾದರೆ ಅಪ್ಪ, ನೀನು ಅಜ್ಜಿಗಿಂತ ಮೂವತ್ತು ಪಟ್ಟು ಕೆಲಸ ಮಾಡ್ತೀಯಾ?"

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಜ್ವರ ಎಷ್ಟೆಂದು ಹೇಳುವ ಮೊದಲು ಥರ್ಮಾಮೀಟರ್ ಸರಿಯಿದೆಯೇ ನೋಡು ಎಂದು ನಮಗೆ ಕಲಿಸಿದ್ದಾರೆ. 1991ರಲ್ಲಿ ನಾನು ಮೈಸೂರಿನಲ್ಲಿ ಹೌಸ್ ಸರ್ಜನ್. ಆ ಜುಲೈ ಮೊದಲ ವಾರ ಸರ್ಕಾರ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿತು. ಡಾಲರಿಗೆ 21 ರೂಪಾಯಿ ಇದ್ದದ್ದು 26ರ ಹತ್ತಿರ ಬಂತು. 1990ರಲ್ಲಿ ಸುಮಾರು 370 ಡಾಲರ್ ಇದ್ದ ನಮ್ಮ ತಲಾ ಉತ್ಪನ್ನ 1991ರಲ್ಲಿ ಸುಮಾರು 300ಕ್ಕೆ ಇಳಿಯಿತು. ಆದರೆ ಚೆಲುವಾಂಬ ಆಸ್ಪತ್ರೆಯಲ್ಲಿ ನಾವು ಹಿಂದಿನ ವಾರ ಎಷ್ಟು ಹೆರಿಗೆ ಮಾಡಿಸಿದ್ದೆವೋ ಆ ವಾರವೂ ಅಷ್ಟೇ ಮಾಡಿಸಿದೆವು. ಇಳಿದದ್ದು ಅಳತೆಗೋಲು, ದುಡಿಮೆಯಲ್ಲ.

ಇಲ್ಲಿ ನನ್ನ ಅಳಿದುಳಿದ ಕೂದಲಿಗೆ 30 ಡಾಲರ್ ತೆರುತ್ತೇನೆ. ಮೈಸೂರಿನಲ್ಲಿ ಅದೇ ಕತ್ತರಿ, ಜೊತೆಗೆ ತಲೆ ಮಾಲೀಸು, ಎಲ್ಲಾ ಸೇರಿ 150 ರೂಪಾಯಿ. ಈ ಬೆಲೆ ವ್ಯತ್ಯಾಸವನ್ನು ಸರಿಹೊಂದಿಸಿ, ಕೊಳ್ಳುವ ಶಕ್ತಿಯ ಪ್ರಕಾರ ಲೆಕ್ಕ ಹಾಕಿದರೆ ಭಾರತದ 2,500 ಹತ್ತು ಸಾವಿರವಾಗುತ್ತದೆ; ಅಂತರ ಎಂಟು ಪಟ್ಟಿಗೆ ಇಳಿಯುತ್ತದೆ. ಲೆಕ್ಕಕ್ಕೇ ಬಾರದ ಕೆಲಸ ಬೇರೆ ಇದೆ. ನಮ್ಮ ತಂದೆ ಪಾರ್ಶ್ವವಾಯುವಾಗಿ ಎರಡು ವರ್ಷ ಮಲಗಿದ್ದರು. ಅಮ್ಮ ಹಗಲು ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದರು; ಬೆನ್ನಿನ ಮೇಲೆ ಒಂದು ಹುಣ್ಣಾಗಲಿಲ್ಲ. ಇಲ್ಲಿ ಅದಕ್ಕೆ ಸಂಬಳದ ನರ್ಸ್ ಬಂದರೆ ದೇಶದ ಉತ್ಪನ್ನ ಏರುತ್ತದೆ. ಅಮ್ಮನ ದುಡಿಮೆಯಿಂದ ಒಂದು ಪೈಸೆಯೂ ಏರಲಿಲ್ಲ. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ, ಈ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಬೇಡಿ ಎಂದು ಎಚ್ಚರಿಸಿದ್ದರು.

ಹಾಗೆಂದು, "ದುಡ್ಡಿಲ್ಲದಿದ್ದರೇನು, ಅಲ್ಲಿನವರಿಗೆ ನೆಮ್ಮದಿ ಇದೆ" ಎಂದು ಇಲ್ಲಿ ಸೋಫಾದ ಮೇಲೆ ಕೂತು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಂಟು ಪಟ್ಟು ಸುಳ್ಳಲ್ಲ. 1990ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 90 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅಮೆರಿಕದಲ್ಲಿ ಸುಮಾರು 9. ಆ ತೊಂಬತ್ತರಲ್ಲಿ ಕೆಲವನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. 2022ರ ಹೊತ್ತಿಗೆ ಭಾರತದ ಸಂಖ್ಯೆ 25ರ ಆಸುಪಾಸಿಗೆ ಇಳಿದಿತ್ತು. ಲಸಿಕೆ, ರಸ್ತೆ, ತಾಯಿಯ ಓದು, ಮನೆಗೆ ಬರುವ ಕೂಲಿ ಎಲ್ಲವೂ ಸೇರಿ ಆದ ಕೆಲಸ ಅದು. ಬೆಳೆದ ಉತ್ಪನ್ನದ ಪಾಲೂ ಅದರಲ್ಲಿದೆ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ ನನಗಿಂತ ಹೆಚ್ಚೇ ದುಡಿದಿದ್ದಾಳೆ ಎಂದೆ. ನಾನು ವಿಮಾನ ಹತ್ತಿ ಇಳಿದೆ, ಅದೇ ಕೈ, ಅದೇ ಸ್ಟೆತಸ್ಕೋಪು. ಬೆಲೆ ಮಾತ್ರ ಹತ್ತಾರು ಪಟ್ಟಾಯಿತು ಎಂದೆ. ಅವಳು ಬಿಡಲಿಲ್ಲ. "ನಿನ್ನ ಎಂಬಿಬಿಎಸ್‌ಗೆ ಎಷ್ಟಾಗಿತ್ತು?" ನಾವು ಕಟ್ಟಿದ ಫೀಸು ಹಾಸ್ಟೆಲ್ ಊಟಕ್ಕಿಂತ ಕಡಿಮೆ; ಮಿಕ್ಕದ್ದು ಸರ್ಕಾರದ್ದು ಎಂದೆ. "ಸರ್ಕಾರ ಅಂದರೆ ಆ 300 ಡಾಲರಿನವರಾ?"

ಹೌದು, ಅವರೇ. ಆ ದುಡ್ಡಿನಿಂದ ತಯಾರಾದ ಡಾಕ್ಟರು ಮೂವತ್ತು ವರ್ಷದಿಂದ ಅಮೆರಿಕದ ಉತ್ಪನ್ನದ ಲೆಕ್ಕದಲ್ಲಿದ್ದಾನೆ. ಊರಿನ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಕಳಿಸುವ ಚೆಕ್ಕು ಅದಕ್ಕೆ ಸಮವಾಗುತ್ತದೆಯೇ? ಎರಡು ಸಲ ಕೂಡಿ ಕಳೆದು ನೋಡಿದೆ, ಎರಡು ಸಲವೂ ಬೇರೆ ಬೇರೆ ಮೊತ್ತ ಬಂತು. ನಮ್ಮ ಸಂಘದಲ್ಲಿ ಡಾಕ್ಟರು, ಇಂಜಿನಿಯರುಗಳಿಗೆ ಕೊರತೆಯಿಲ್ಲ. ಯಾರಾದರೂ ಈ ಲೆಕ್ಕ ಹಾಕಿ ನೋಡಿದ್ದರೆ ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ.