ಕೂಗುವ ಹಕ್ಕು, ಮೆಲ್ಲಗೆ ಹಾಡುವ ಹಕ್ಕು

ನೊಂದವರ ಗಂಟಲಿನಿಂದ ಎಂಥ ದನಿ ಹೊರಡಬೇಕು ಎಂಬುದನ್ನು ತೀರ್ಮಾನಿಸುವವರು ಯಾರು?

ಈ ಪ್ರಶ್ನೆಗೆ ನಮ್ಮ ನಡುವೆ ಎರಡು ಸಿದ್ಧ ಉತ್ತರಗಳಿವೆ. ಒಂದು ಪಂಡಿತರದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗಿನಿಂದ ಅವರ ರಾಗ ಬದಲಾಗಿಲ್ಲ: ಇದು ಕಾವ್ಯ ಅಲ್ಲ, ಘೋಷಣೆ, ಕೂಗಾಟ ಕಲೆ ಆಗೋದಿಲ್ಲ, ಮೊದಲು ಸಂಯಮ ಕಲಿತು ಬನ್ನಿ. ಎರಡನೆಯದು ನಮ್ಮ ಸಂಗಾತಿಗಳದೇ. ನಮ್ಮಲ್ಲಿ ಯಾರಾದರೂ ಬೆಳದಿಂಗಳ ಮೇಲೋ, ಮಲಗಿದ ಮಗುವಿನ ಮೇಲೋ ನಾಲ್ಕು ಸಾಲು ಬರೆದರೆ ಸಾಕು, "ಏನಯ್ಯಾ, ಯಾವಾಗಿಂದ ಅವರ ಪಂಕ್ತೀಲಿ ಕೂತ್ಕೊಂಡೆ?" ಅಂತ ಕೇಳುತ್ತಾರೆ. ಒಬ್ಬರಿಗೆ ನಮ್ಮ ಕೂಗು ಬೇಡ. ಇನ್ನೊಬ್ಬರಿಗೆ ಕೂಗು ಬಿಟ್ಟು ಬೇರೇನೂ ಬೇಡ. ಹೊರಗೆ ಶತ್ರುಗಳಂತೆ ಕಂಡರೂ ಇಬ್ಬರೂ ಒಂದು ಮಾತನ್ನು ಒಪ್ಪಿಕೊಂಡಿದ್ದಾರೆ: ನಮ್ಮ ಗಂಟಲಿನ ಯಜಮಾನಿಕೆ ನಮ್ಮದಲ್ಲ.

ಇದನ್ನು ನಾವಿಲ್ಲಿ ಕಾವ್ಯದ ಮೂಲಕ ಅಲ್ಲ, ಅಮೆರಿಕದ ಒಬ್ಬ ಕಪ್ಪು ಗಿಟಾರು ವಾದಕನ ಧ್ವನಿಮುದ್ರಿಕೆಗಳ ಮೂಲಕ ಚರ್ಚಿಸಲು ಹೊರಟಿದ್ದೇವೆ. ಅಲ್ಲಿಯ ಕಪ್ಪು ಜನ ನಮಗೆ ದೂರದವರಲ್ಲ. 1966ರಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆ ಹೆಸರನ್ನು ಎತ್ತಿಕೊಂಡು 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಎದ್ದರು. ಅದರ ಕಾವು ನಮ್ಮ ಕೇರಿಗಳಿಗೂ ತಾಗಿತು. ಅವರ ಕವಿತೆಗಳನ್ನು, ಆತ್ಮಕಥೆಗಳನ್ನು ನಾವು ಅನುವಾದದಲ್ಲಿ ಓದಿದ್ದೇವೆ. ಮಾತಿಲ್ಲದ ಅವರ ಸಂಗೀತವನ್ನು ಮಾತ್ರ ಪಕ್ಕಕ್ಕೆ ಸರಿಸಿಟ್ಟಿದ್ದೇವೆ. ಅದಕ್ಕೆ ಅನುವಾದವೂ ಬೇಕಿಲ್ಲ, ಕೂತು ಕೇಳುವ ವ್ಯವಧಾನ ಇದ್ದರೆ ಸಾಕು.

ಸನ್ನಿ ಶರಾಕ್ ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕ್ ರಾಜ್ಯದ ಆಸಿನಿಂಗ್ ಎಂಬ ಊರಲ್ಲಿ. ಸಿಂಗ್ ಸಿಂಗ್ ಎಂಬ ಹೆಸರಾಂತ ಜೈಲಿರುವ ಊರು ಅದು. ಹರೆಯದಲ್ಲಿ ಗೆಳೆಯರ ಜೊತೆ ಸೇರಿ, ಕಪ್ಪು ಹುಡುಗರು ಆಗ ಬೀದಿ ಮೂಲೆಗಳಲ್ಲಿ ನಿಂತು ಹಾಡುತ್ತಿದ್ದ ದೂ-ವಾಪ್ ಹಾಡುಗಳನ್ನು ಹಾಡಿದ. ಆಮೇಲೆ 1959ರಲ್ಲಿ ಬಂದ ಮೈಲ್ಸ್ ಡೇವಿಸನ 'ಕೈಂಡ್ ಆಫ್ ಬ್ಲೂ' ಎಂಬ ತಟ್ಟೆಯಲ್ಲಿ ಜಾನ್ ಕೋಲ್ಟ್ರೇನನ ಸ್ಯಾಕ್ಸೊಫೋನು ಕೇಳಿದ. ಕದ್ರಿ ಗೋಪಾಲನಾಥರಿಂದಾಗಿ ಕನ್ನಡದ ಕಿವಿಗೂ ಪರಿಚಯವಾದ ವಾದ್ಯ ಅದು. ನುಡಿಸಿದರೆ ಅದನ್ನೇ ನುಡಿಸಬೇಕು ಅಂತ ಹುಡುಗನಿಗೆ ಹಟ ಹುಟ್ಟಿತು. ಆದರೆ ಅವನಿಗೆ ಉಬ್ಬಸ. ಊದುವ ವಾದ್ಯಕ್ಕೆ ಬೇಕಾದ ಉಸಿರು ಎದೆಯಲ್ಲಿಲ್ಲ. ಬೇರೆ ದಾರಿ ಕಾಣದೆ ಇಪ್ಪತ್ತರ ಹೊತ್ತಿಗೆ ಗಿಟಾರು ಹಿಡಿದ. 1961ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಗೆ ಸೇರಿದ, ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ.

ವಿಚಿತ್ರ ಮನುಷ್ಯ. ಜೀವಮಾನವಿಡೀ ಗಿಟಾರು ನುಡಿಸಿದ, ಆದರೆ ಗಿಟಾರಿನ ಸದ್ದು ತನಗೆ ಹಿಡಿಸುವುದಿಲ್ಲ ಅನ್ನುತ್ತಿದ್ದ. ತಾನು ಸ್ಯಾಕ್ಸೊಫೋನಿನವನು, ಕೈಗೆ ಸಿಕ್ಕ ವಾದ್ಯ ಮಾತ್ರ ತಪ್ಪು ಅಂತ ಅವನ ವಾದ. ಇದು ಬರೀ ತಮಾಷೆ ಅಲ್ಲ. ಮೀಟಿದ ತಂತಿಯ ದನಿ ಕ್ಷಣದಲ್ಲಿ ಸಾಯುತ್ತದೆ, ಊದಿದ ದನಿ ಉಸಿರಿರುವ ತನಕ ನಿಲ್ಲುತ್ತದೆ. ಸಾಯುವ ದನಿಯನ್ನು ನಿಲ್ಲಿಸುವುದು ಹೇಗೆ? ಶರಾಕ್ ಒಂದೇ ತಂತಿಯನ್ನು ಎಣಿಸಲಾಗದಷ್ಟು ವೇಗವಾಗಿ ಮತ್ತೆ ಮತ್ತೆ ಮೀಟಿದ. ಬಿಡಿ ಪೆಟ್ಟುಗಳು ಕೂಡಿ ತಮಟೆಯ ಉರುಳಿನ ಹಾಗೆ ಒಂದೇ ಮೊರೆತವಾದವು. ವೀಣೆಗಿರುವಂತೆ ಗಿಟಾರಿಗೂ ಮೆಟ್ಟಿಲುಗಳಿವೆ. ಪ್ರತಿ ಸ್ವರಕ್ಕೂ ಅಲ್ಲಿ ಗೊತ್ತುಮಾಡಿದ ಒಂದು ಜಾಗ. ಬೆರಳಿಗೆ ಕೊಳವೆ ತೊಡಿಸಿ ತಂತಿಯ ಮೇಲೆ ಜಾರಿಸುವ ಬ್ಲೂಸ್‌ನವರ ಹಳೇ ವಿದ್ಯೆಯನ್ನು ಶರಾಕ್ ಎತ್ತಿಕೊಂಡ. ಮೆಟ್ಟಿಲುಗಳ ನಡುವೆ ಜಾಗವಿಲ್ಲದೆ ಉಳಿದ ಸ್ವರಗಳೆಲ್ಲ ಆಗ ಹೊರಗೆ ಬಂದವು. ಮೆಟ್ಟಿಲಿನ ಮೇಲೆ ಮೆಟ್ಟಿಲು ಇಟ್ಟ ಸಮಾಜದಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಡಿತರಿಗೆ ನಾವು ಹೇಳಬೇಕಾದ ಮೊದಲ ಮಾತು ಇಲ್ಲಿದೆ. ಈ ಕೂಗು ವ್ಯಾಕರಣ ಬಾರದವನ ಕೂಗಲ್ಲ. ಇರುವ ವ್ಯಾಕರಣದಲ್ಲಿ ತನ್ನ ಎದೆಯ ಸದ್ದಿಗೆ ಅಕ್ಷರವೇ ಇಲ್ಲ ಅಂತ ಕಂಡುಕೊಂಡವನ ದುಡಿಮೆ. ಅದಕ್ಕೂ ವರ್ಷಗಟ್ಟಲೆ ಸಾಧನೆ ಬೇಕು. ತಮಟೆಯನ್ನು ಬೆಂಕಿಗೆ ಕಾಯಿಸಿ, ಚರ್ಮ ಬಿಗಿಯಾಯಿತೋ ಇಲ್ಲವೋ ಅಂತ ಬೆರಳಿಂದ ತಟ್ಟಿ ನೋಡುವ ನಮ್ಮ ಹಿರಿಯರನ್ನು ಯಾರೂ ವಿದ್ವಾನ್ ಅಂತ ಕರೆಯಲಿಲ್ಲ. ಹಾಗಂತ ಅದು ವಿದ್ಯೆ ಅಲ್ಲವೇ?

1969ರಲ್ಲಿ ಅವನ ಹೆಸರಿನ ಮೊದಲ ತಟ್ಟೆ ಬಂತು: 'ಬ್ಲ್ಯಾಕ್ ವುಮನ್', ಕಪ್ಪು ಹೆಣ್ಣು. ಮಿಲ್ಫರ್ಡ್ ಗ್ರೇವ್ಸನ ಡ್ರಮ್ಮು ಕಟ್ಟುನಿಟ್ಟಿನ ತಾಳಕ್ಕೆ ಸಿಕ್ಕದೆ ಉಕ್ಕಿ ಹರಿಯುತ್ತದೆ. ಶರಾಕನ ಹೆಂಡತಿ ಲಿಂಡಾ ಹಾಡುತ್ತಾಳೆ, ಪದಗಳಿಲ್ಲ. ನರಳಿಕೆ, ಬಿಕ್ಕು, ಕಿರುಚು, ಮತ್ತೆ ಬರೀ ಉಸಿರು. ಮೊದಲ ಸಲ ಕೇಳುವವರು ಎದ್ದು ಹೋಗಬಹುದು. ಆದರೆ ಅದೇ ತಟ್ಟೆಯಲ್ಲಿ ಫ್ರಾನ್ಸಿನ ಕುರಿಗಾಹಿಗಳ ಒಂದು ಹಳೆಯ ಹಾಡೂ ಇದೆ. 'ಬ್ಲೈಂಡ್ ವಿಲ್ಲಿ' ಎಂಬ ಒಂಟಿ ಗಿಟಾರಿನ ಸರಳ ರಚನೆಯೂ ಇದೆ. ಕೂಗೂ ಹಾಡೂ ಒಂದೇ ತಟ್ಟೆಯ ಮೇಲೆ ಅಕ್ಕಪಕ್ಕ ಕೂತಿವೆ. ಒಂದು ಹಾಡಿನ ಹೆಸರೇ ಹೀಗಿದೆ: ಮೂರು ಬಣ್ಣಗಳಲ್ಲಿ ಲಿಂಡಾಳ ಚಿತ್ರ, ಮೂರೂ ಕಪ್ಪು. ಕಪ್ಪು ಅಂದರೆ ಒಂದೇ ಬಣ್ಣ ಅಂದುಕೊಂಡ ಜಗತ್ತಿಗೆ, ಅದರೊಳಗೇ ಮೂರು ಬಣ್ಣ ಕಾಣುವ ಕಣ್ಣು ಬೇಕು ಅಂದಂತಾಯಿತು.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದದ್ದೂ ಒಂದಿದೆ. 'ಕಪ್ಪು ಹೆಣ್ಣು' ಎಂಬ ತಟ್ಟೆಯ ಕೂಗಿನಲ್ಲಿ ಅರ್ಧ ಹೆಣ್ಣಿನದು. ಮೇಲಿರುವ ಹೆಸರು ಗಂಡಿನದು. 1975ರ 'ಪ್ಯಾರಡೈಸ್' ತಟ್ಟೆಯ ಮೇಲೆ ಇಬ್ಬರ ಹೆಸರೂ ಬಂತು, ಆದರೂ ಚರಿತ್ರೆ ನೆನಪಿಟ್ಟುಕೊಂಡಿದ್ದು ಗಿಟಾರಿನವನನ್ನೇ. ಮುಂದೆ ಇಬ್ಬರೂ ಬೇರೆಯಾದರು. ಲಿಂಡಾ ಯುರೋಪಿಗೆ ಹೋಗಿ ವಿಯೆನ್ನಾದಲ್ಲಿ ನೆಲೆಸಿ ಹಾಡಿದಳು. 2009ರಲ್ಲಿ ಪಾರ್ಶ್ವವಾಯು ಬಡಿದು ಅವಳ ಮಾತು ಹೋಯಿತು. ಅದಾದ ಮೇಲೂ ಅವಳು ವೇದಿಕೆಗೆ ಬಂದು ಹಾಡಿದಳು. ಪದಗಳಿಲ್ಲದೆ ಹಾಡುವುದನ್ನು ಅವಳು 1969ರಲ್ಲೇ ಕಲಿತಿದ್ದಳಲ್ಲ! ನಮ್ಮ ಸಭೆಗಳಲ್ಲಿ ಹಾಡಿದ, ಜೈಕಾರ ಕೂಗಿದ, ಅಡಿಗೆ ಮಾಡಿ ಬಡಿಸಿದ ಅಕ್ಕಂದಿರ ಹೆಸರು ನಮ್ಮ ಎಷ್ಟು ಕರಪತ್ರಗಳ ಕೆಳಗಿದೆ? ಕೂಗಿನ ಹಕ್ಕು ಕೇಳುವವರು ಪಕ್ಕದಲ್ಲಿ ನಿಂತು ಕೂಗಿದವರ ಲೆಕ್ಕವನ್ನೂ ಒಪ್ಪಿಸಬೇಕು.

ಇನ್ನು ಹೊಟ್ಟೆಯ ಮಾತು. ಶರಾಕ್ ಹಲವು ವರ್ಷ ಹರ್ಬಿ ಮ್ಯಾನ್ ಎಂಬ ಕೊಳಲುವಾದಕನ ತಂಡದಲ್ಲಿ ಸಂಬಳಕ್ಕೆ ನುಡಿಸಿದ. ಮ್ಯಾನನದು ಜನಪ್ರಿಯ, ಕುಣಿಸುವ ಸಂಗೀತ. ಅದರ ನಡುವೆ ಶರಾಕನ ಗಿಟಾರು ಒಮ್ಮೆಲೇ ಬೆಂಕಿ ಬಿದ್ದ ಹಾಗೆ ಏಳುತ್ತಿತ್ತು, ಮತ್ತೆ ಕೊಳಲು ಇಂಪಾಗಿ ಮುಂದುವರಿಯುತ್ತಿತ್ತು. ಕೂಗು ಅಲ್ಲಿ ಊಟದ ಎಲೆಯ ಮೇಲಿನ ಉಪ್ಪಿನಕಾಯಿ. ಇದು ನಮಗೆ ಚೆನ್ನಾಗಿ ಗೊತ್ತಿರೋ ಸ್ಥಿತಿ. ಜಾತ್ರೆಗೆ ತಮಟೆ ಬೇಕು, ಸಾವಿಗೆ ತಮಟೆ ಬೇಕು, ಬಡಿಯುವವನು ಮಾತ್ರ ಗುಡಿಯ ಹೊರಗೆ. ಇವತ್ತಂತೂ ನಮ್ಮ ನೋವಿನ ಕವಿತೆಗಳಿಗೂ ದೊಡ್ಡ ವೇದಿಕೆಗಳಲ್ಲಿ ಹದಿನೈದು ನಿಮಿಷ ಮೀಸಲು, ಚಪ್ಪಾಳೆ, ಶಾಲು. ಕೂಗನ್ನು ಕೊಂಡುಕೊಂಡವರು ಅದನ್ನು ಕೇಳಿಸಿಕೊಂಡಿದ್ದಾರೆ ಅಂತ ಹೇಳಲಾಗದು.

1971ರಲ್ಲಿ ಮೈಲ್ಸ್ ಡೇವಿಸ್ ಜಾಕ್ ಜಾನ್ಸನ್ ಹೆಸರಿನಲ್ಲಿ ಒಂದು ತಟ್ಟೆ ತಂದ. ಜಾನ್ಸನ್ 1908ರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಆದ ಮೊದಲ ಕಪ್ಪು ಮನುಷ್ಯ. ಆ ತಟ್ಟೆಯಲ್ಲಿ ಶರಾಕನ ಗಿಟಾರಿದೆ, ಹೊದಿಕೆಯ ಮೇಲೆ ಅವನ ಹೆಸರಿಲ್ಲ. ಕಪ್ಪು ವೀರನ ಗೌರವಕ್ಕೆ ಕಪ್ಪು ಕಲಾವಿದ ತಂದ ತಟ್ಟೆಯಲ್ಲೇ ಇನ್ನೊಬ್ಬ ಕಪ್ಪು ವಾದಕ ಹೆಸರಿಲ್ಲದೆ ಉಳಿದ. ಹೆಸರಿಲ್ಲದ ದುಡಿಮೆ ಮೇಲಿನವರ ಅಂಗಳದಲ್ಲಿ ಮಾತ್ರ ನಡೆಯುವುದಿಲ್ಲ.

'ಪ್ಯಾರಡೈಸ್' ಆದ ಮೇಲೆ ಕೆಲವು ವರ್ಷ ಅವನನ್ನು ಕೇಳುವವರಿರಲಿಲ್ಲ. ಬೇರೆಯವರ ಕಾರು ಓಡಿಸಿದ. ಬುದ್ಧಿಮಾಂದ್ಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದ. ಇಂಥ ವರ್ಷಗಳನ್ನು ಕಲಾವಿದನ ಪತನ ಅಂತ ಬರೆಯುವ ಪದ್ಧತಿ ಇದೆ. ನಾವದನ್ನು ಒಪ್ಪುವುದಿಲ್ಲ. ನಮ್ಮ ತಾಯಂದಿರು ನಾಟಿ ಹಾಕುತ್ತಲೇ ಹಾಡಿದವರು, ಹಾಡುವುದಕ್ಕಾಗಿ ಗದ್ದೆಯಿಂದ ರಜೆ ಪಡೆದವರಲ್ಲ. ಕೂಲಿ ಮಾಡಿದ್ದರಿಂದ ಯಾರ ಹಾಡೂ ಸಣ್ಣದಾಗುವುದಿಲ್ಲ.

1981ರ ಹೊತ್ತಿಗೆ ಬಿಲ್ ಲಾಸ್ವೆಲ್ ಎಂಬ ಬೇಸ್ ಗಿಟಾರಿನವನು ಅವನನ್ನು ಮತ್ತೆ ಕರೆತಂದ. 1986ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಒಂದು, 'ಲಾಸ್ಟ್ ಎಕ್ಸಿಟ್' ಎಂಬ ನಾಲ್ವರ ತಂಡ. ತಾಲೀಮಿಲ್ಲ, ಬರೆದಿಟ್ಟ ಸ್ವರವಿಲ್ಲ. ವೇದಿಕೆ ಹತ್ತಿದೊಡನೆ ನಾಲ್ವರೂ ಒಬ್ಬರ ಮೇಲೊಬ್ಬರು ಬೀಳುವ ಹಾಗೆ ನುಡಿಸುತ್ತಿದ್ದರು. ಇನ್ನೊಂದು, 'ಗಿಟಾರ್' ಎಂಬ ತಟ್ಟೆ. ಅದರಲ್ಲಿ ಶರಾಕ್ ಒಬ್ಬನೇ. ತಾನು ನುಡಿಸಿದ್ದರ ಮೇಲೆ ತಾನೇ ಇನ್ನೊಂದು ಪದರ ನುಡಿಸಿದ್ದಾನೆ. ಹದಿನೇಳು ವರ್ಷ ಜೊತೆಗಿಟ್ಟುಕೊಂಡಿದ್ದ 'ಬ್ಲೈಂಡ್ ವಿಲ್ಲಿ' ಇಲ್ಲಿ ಮತ್ತೆ ಬರುತ್ತದೆ. 'ಬ್ರೋಕನ್ ಟಾಯ್ಸ್', ಅಂದರೆ ಮುರಿದ ಆಟಿಕೆಗಳು ಎಂಬ ರಚನೆಯೊಂದು ಇದೆ. ಅದರ ಮೆಲುದನಿ ಕೇಳಿದವರು ಅದೇ ವರ್ಷ ಅದೇ ಕೈ 'ಲಾಸ್ಟ್ ಎಕ್ಸಿಟ್'ನಲ್ಲಿ ಅಬ್ಬರಿಸಿತು ಅಂದರೆ ನಂಬಲಾರರು.

ನಮ್ಮ ಸಂಗಾತಿಗಳಿಗೆ ನಾವು ಹೇಳಬೇಕಾದ ಎರಡನೆಯ ಮಾತು ಇಲ್ಲಿದೆ. ಸಿಟ್ಟು ನಮ್ಮ ಹಕ್ಕು, ನಿಜ. ಅದನ್ನು ಕೆಲಸದ ಸಮವಸ್ತ್ರದ ಹಾಗೆ ದಿನವೂ ತೊಟ್ಟೇ ಬರಬೇಕು ಅಂದರೆ ಅದು ಹಕ್ಕಾಗಿ ಉಳಿಯುವುದಿಲ್ಲ, ಜೀತವಾಗುತ್ತದೆ. ಜಾತಿ ನಮ್ಮಿಂದ ಕಿತ್ತುಕೊಂಡದ್ದು ಬಾವಿ, ಗುಡಿ, ಭೂಮಿ ಮಾತ್ರ ಅಲ್ಲ. ಸುಮ್ಮನೆ ಕೂತು ಬೆಳದಿಂಗಳು ನೋಡುವ ಬಿಡುವನ್ನೂ ಕಿತ್ತುಕೊಂಡಿದೆ. ಅದನ್ನು ವಾಪಸು ಕೇಳುವುದೂ ಹೋರಾಟವೇ. ಮೆದುವಾಗಿ ಮಾತಾಡಿದವರೆಲ್ಲ ಶರಣಾದವರಲ್ಲ. ಆದರೆ ಒಂದು ಎಚ್ಚರ ಇರಬೇಕು. ಮೆಲುದನಿ ನಮ್ಮ ಎದೆಯಿಂದ ಬಂದಿರಬೇಕು, ಶಾಲು ಹೊದಿಸುವವರ ಕಿವಿಗೆ ಹಿತವಾಗಲಿ ಅಂತ ಅಲ್ಲ. ಈ ವ್ಯತ್ಯಾಸ ಹೊರಗಿನವರಿಗೆ ಕಾಣದೆ ಇರಬಹುದು, ಬರೆಯುವ ಕೈಗೆ ಗೊತ್ತಿರುತ್ತದೆ.

1991ರ 'ಆಸ್ಕ್ ದಿ ಏಜಸ್' ಅವನ ಕಡೆಯ ದೊಡ್ಡ ಕೆಲಸ. ಕೋಲ್ಟ್ರೇನನ ಡ್ರಮ್ಮು ಬಾರಿಸಿದ್ದ ಎಲ್ವಿನ್ ಜೋನ್ಸ್, ಕೋಲ್ಟ್ರೇನನ ಪಕ್ಕದಲ್ಲಿ ನಿಂತು ಊದಿದ್ದ ಫೆರೋ ಸ್ಯಾಂಡರ್ಸ್ ಇಬ್ಬರೂ ಇದರಲ್ಲಿದ್ದಾರೆ. ಉಬ್ಬಸದ ಹುಡುಗ ಕಡೆಗೂ ತನ್ನ ಗುರುವಿನ ಮನೆಯ ಪಡಸಾಲೆಗೆ ಬಂದು ಕೂತ ಹಾಗಿದೆ. ಒಂದು ರಚನೆಯ ಹೆಸರು 'ಲಿಟಲ್ ರಾಕ್'. ಆ ಹೆಸರು ಕೇಳಿದರೆ 1957ರಲ್ಲಿ ಒಂಬತ್ತು ಕಪ್ಪು ಮಕ್ಕಳು ಸೈನಿಕರ ಕಾವಲಿನಲ್ಲಿ ಬಿಳಿಯರ ಶಾಲೆಯ ಮೆಟ್ಟಿಲು ಹತ್ತಿದ ಊರು ಕಣ್ಣ ಮುಂದೆ ಬರುತ್ತದೆ. ಮನೆತನದಲ್ಲೇ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಅದು ಯಾರದೋ ಕತೆಯಾಗಿ ಕೇಳಿಸುವುದಿಲ್ಲ. ಮೂರು ವರ್ಷದ ನಂತರ, 1994ರ ಮೇ ತಿಂಗಳಲ್ಲಿ, ಹುಟ್ಟಿದ ಊರಲ್ಲೇ ಶರಾಕ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಐವತ್ತಮೂರು.

ಅದೇ ತಟ್ಟೆಯಲ್ಲಿ ಐದು ನಿಮಿಷವೂ ಇಲ್ಲದ ಇನ್ನೊಂದು ರಚನೆಯಿದೆ. ಕೂಗಿಲ್ಲ, ಅವಸರವಿಲ್ಲ. ಅದರ ಹೆಸರು ಒಂದು ಪ್ರಶ್ನೆ: ಅವಳು ಯಾರಾಗಬೇಕೆಂದು ಆಸೆಪಡುತ್ತಾಳೆ? ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರೇ, ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಕೂತ ಹುಡುಗಿಗೆ ಈ ಪ್ರಶ್ನೆ ಕೇಳಿ ನೋಡಿ. ಅವಳು ಜೋರಾಗಿ ಹೇಳಿದರೆ ಬಾಯಿ ಮುಚ್ಚಿಸಬೇಡಿ. ಮೆಲ್ಲಗೆ ಹೇಳಿದರೆ ಇನ್ನೂ ಜೋರಾಗಿ ಹೇಳು ಅಂತ ಗದರಬೇಡಿ, ನೀವೇ ಎದ್ದು ಅವಳ ಹತ್ತಿರ ಹೋಗಿ.